ಕೀಡಿಗೇ ರೋಗ ಹಚ್ಚಿದ ಕಥಿ

ನಮ್ಮ ಆಳಂದ ಕಡಿ ತೊಗರಿ ಹೂವಿಗಿ ಬಂತಂದ್ರ ಸಾಕು, ಎಲ್ಲಾರ ಬಾಯಾಗ ಒಂದೇ ಮಾತ್ರಿ, ಕೀಡಿ ಬಿದ್ದದೇನು, ಯಾವ ಎಣ್ಣಿ ಹೊಡದಿ ಅಂತ. ಕ್ರಿಮಿನಾಶಕಕ್ಕ ನಾವು ಎಣ್ಣಿ ಅಂತೀವಿ, ಬೆಂಗಳೂರಿನವ್ರು ಓದಲಿಕತ್ತಿದ್ರ ಅಡಗಿ ಎಣ್ಣಿ ಅಂದ್ಕೋಬ್ಯಾಡ್ರಿ.

ಎರಡು ವರ್ಷದ ಹಿಂದ ನಾ ಎಣ್ಣಿ ಬಿಟ್ಟು ಎನ್‌ಪಿವಿ ತಂದೆ. ಅದೊಂದು ವೈರಸ್, ಕಾಯಿಕೊರಕಕ್ಕ ಅಷ್ಟೇ ರೋಗ ತರ್ತದ, ಮನಷ್ಯಾರಿಗಿ ಜೇನಿಗಿ ಏನೂ ಆಗಲ್ಲ. ಎಕರೆಗೆ 100 ಎಲ್‌ಇ ಅಂತ ಲೆಕ್ಕ, ಎಲ್‌ಇ ಅಂದ್ರ ರೋಗ ಹತ್ತಿದ ಕೀಡಿ ಲೆಕ್ಕದಾಗ ವೈರಸ್ ಅಳಿಯೋ ಅಳತಿ. ನಾ ಏನ್ ಮಾಡಿದೆ ಅಂದ್ರ ಯಾವಾಗಿನಂಗ ಮುಂಜಾನಿ ಹತ್ತಕ್ಕ ಪಂಪ್ ಬೆನ್ನಿಗಿ ಹಾಕ್ಕೊಂಡು ಸುಡು ಬಿಸಿಲಾಗ ಹೊಡದು ಬಂದೆ. ನಾಕು ದಿನ ಆದ್ರೂ ಕೀಡಿ ಆರಾಮ ಕಾಯಿ ತಿನ್ನಲಿಕತ್ತಿದ್ವು. ಅಪ್ಪ ಬದುವಿನ ಮ್ಯಾಲ ಕುಂತು "ಬರೇ ನೀರ್ ಹೊಡದಿ ಏನೋ" ಅಂದ, ಕಾಕಾ ಸೇರ್ಕೊಂಡು ನಕ್ಕ.

ತಪ್ಪು ನಂದೇ. ಬಿಸಿಲಿಗಿ ಆ ವೈರಸ್ ಕೆಡ್ತದ, ಹೊತ್ತು ಮುಳುಗೋ ಟೈಮಿಗಿ ಹೊಡಿಬೇಕು, ಅದರಾಗ ಬೆಲ್ಲ ಮತ್ತ ಬಟ್ಟಿಗಿ ಹಾಕೋ ನೀಲಿ ಕಲಸಬೇಕು, ಬೆಲ್ಲಕ್ಕ ಕೀಡಿ ಬಾಯಿ ಹಾಕ್ತಾವ, ನೀಲಿ ಬಿಸಿಲು ತಡಿತದ. ಕೀಡಿ ಸಣ್ಣು ಇದ್ದಾಗೇ ಹೊಡಿಬೇಕು, ಬೆರಳಿನಷ್ಟು ಬೆಳದ್ವಂದ್ರ ಅವು ಜಗ್ಗಂಗಿಲ್ಲ. ಹೋದ ವರ್ಷ ಹಂಗೇ ಮಾಡಿದೆ. ಆರನೇ ದಿನ ಹೋಗಿ ನೋಡಿದ್ರ ಗಿಡದ ಕುಡಿಯಾಗ ಕೀಡಿ ತಲಿಕೆಳಗಾಗಿ ಜೋತು ಬಿದ್ದಾವ, ಮುಟ್ಟಿದ್ರ ಮೈ ಒಡದು ನೀರು ಸೋರ್ತದ, ವಾಸನಿ ಅಂತೂ ಕೇಳಬ್ಯಾಡ್ರಿ. ಅಪ್ಪ ಒಂದು ಕಟ್ಟಿಗಿಲೆ ನಾಕು ಕೀಡಿ ತಿರುವಿ ನೋಡಿದ, ಏನೂ ಅನ್ಲಿಲ್ಲ, ಬೀಡಿ ಹಚ್ಚಿದ.

ಪೂರಾ ಹೋದ್ವು ಅಂತಲ್ಲ ಮತ್ತ. ಹಳ್ಳದ ಕಡಿ ಪಟ್ಟಿಯಾಗ ದೊಡ್ಡು ಉಳದಿದ್ವು, ಅಲ್ಲಿ ಅವ್ವ ಹೇಳಿದಂಗ ಗಿಡದ ಬುಡಕ್ಕ ತಾಡಪತ್ರಿ ಹಾಸಿ ಗಿಡ ಅಲುಗ್ಯಾಡ್ಸಿ ಉದುರಿಸಿದ್ವಿ, ನಮ್ಮ ಕಡಿ ಹಳೇ ಪದ್ಧತಿ ಅದು, ಕೋಳಿಗಂತೂ ಆವತ್ತು ಹಬ್ಬ.

ನೆಟೆ ರೋಗದ್ದು ಬ್ಯಾರೆ ತಲಿಬ್ಯಾನಿ. ಅದರ ಶಿಲೀಂಧ್ರ ಮಣ್ಣಾಗೇ ವರ್ಷಗಟ್ಲೆ ಕುಂತಿರ್ತದ, ಗಿಡ ಒಣಗಿದ ಮ್ಯಾಲ ಏನ್ ಹೊಡದ್ರೂ ಅಷ್ಟೇ. ಹಿಂದ ತೊಗರಿ ನಡುವ ಜ್ವಾಳ ಹಾಕ್ತಿದ್ರು, ನೆಟೆ ಕಮ್ಮಿ ಇರ್ತಿತ್ತು, ಈಗ ವರ್ಷಾ ಅದೇ ಹೊಲದಾಗ ಬರೇ ತೊಗರಿ. ನಾವು ಬೀಜಕ್ಕ ಕಿಲೋಕ್ಕ 4 ಗ್ರಾಂ ಟ್ರೈಕೋಡರ್ಮಾ, ಅಂದ್ರ ನೆಟೆ ಶಿಲೀಂಧ್ರ ತಡಿಯೋ ಪುಡಿ, ಹಚ್ಚಿ ಬಿತ್ತಲಿಕತ್ತೀವಿ. ಅದೂ ಜೀವ ಇರೋ ಶಿಲೀಂಧ್ರನೇ, ನಮ್ಮೂರ ಕಡಿ ಒಂದು ಅಂಗಡ್ಯಾಗ ಮೇ ತಿಂಗಳ ಬಿಸಿಲಿಗಿ ತಗಡಿನ ಶೆಡ್ಡಿನಾಗ ಇಟ್ಟು ಮಾರ್ತಾರ, ಅದರಾಗ ಏನ್ ಜೀವ ಉಳದಿರ್ತದ ಹೇಳ್ರಿ? ಇನ್ನೊಂದು ಕಡಿ ಬಯೋ ಅಂತ ಬರದ ಬಾಟಲಿ ಕೊಟ್ರು, ಸಂಜಿ ಹೊಡದ್ರ ಬೆಳಗಾಗೋದ್ರಾಗ ಕೀಡಿ ಪಟಪಟ ಉದುರಿದ್ವು. ನನಗ ಖುಷಿ ಆಗ್ಲಿಲ್ಲ, ಒಳಗ ಎಣ್ಣಿನೇ ಕಲಸ್ಯಾರೇನೋ ಅಂತ ಸಂಶಯ ಬಂತು, ಜೈವಿಕ ಇಷ್ಟು ಲಗೂನ ಎಲ್ಲಿ ಕೊಲ್ತದ? ಆವತ್ತಿನಿಂದ ನೋಂದಣಿ ನಂಬರ್, ಕೊನಿ ತಾರೀಖು ನೋಡದೆ ರೊಕ್ಕ ಕೊಡಲ್ಲ.

ಈ ಸಲದ ಟ್ರೈಕೋಡರ್ಮಾ ಮನ್ಯಾಗ ನೀರಿನ ಕೊಡದ ಬಾಜೂಕ ತಣ್ಣಗ ಇಟ್ಟೀನಿ. ಅವ್ವ ಒಂದಿನ ಅದನ್ನ ಹಿಟ್ಟು ಅಂತ ಬಿಚ್ಚಲಿಕ್ಕ ಹೋಗಿದ್ಲು, ಈಗ ಅದರ ಮ್ಯಾಲ ಸ್ಕೆಚ್‌ಪೆನ್ನಿಲೆ ದೊಡ್ಡದಾಗಿ "ತೊಗರಿ ಬೀಜದ್ದು, ರೊಟ್ಟಿಗಲ್ಲ" ಅಂತ ಬರದೀನಿ.