ಹತ್ತನೆಯ ಸಾಲಿನಲ್ಲಿ ತೇಲಿದ ಹಂಚು

ಹಿತ್ತಿಲಲ್ಲಿ ಕಟ್ಟುತ್ತಿರುವ ಕೋಣೆಯ ಮಾಡಿನಿಂದ ಮೂರನೆಯ ಬಾರಿ ರೀಪು, ಅಂದರೆ ಹಂಚಿನ ಕೊಕ್ಕೆ ಕೂರುವ ಅಡ್ಡಪಟ್ಟಿ, ಕಿತ್ತಿದ್ದೇನೆ. ಗೋಡೆ, ತೊಲೆ, ರೀಪು ಹೊರುವ ಇಳಿಜಾರು ಮರಗಳಾದ ಪಕ್ಕಾಸುಗಳ ಕಥೆ ಬೇಡ, ಅವು ಮಾತು ಕೇಳಿದವು. ಜಗಳವೆಲ್ಲ ಮಾಡಿನದು.

ಹಂಚು ಬಂದದ್ದು ಕೆಡವಿದ ಎರಡು ಮನೆಗಳಿಂದ. "ಮಂಗಳೂರು ಹಂಚು ಎಂದರೆ ಎಲ್ಲ ಒಂದೇ" ಎಂದು ಮಾರಿದವನು ಆಣೆ ಹಾಕಿದ್ದ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಊರಿನಲ್ಲಿ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಹಂಚಿನ ಮೇಲೆ ಹೆಸರು ಒತ್ತಿಯೇ ಕಳಿಸಿದವು. ಓದಲು ಬರುವ ನಾನೇ ಆ ಹೆಸರು ಓದಲಿಲ್ಲ, ಅಳತೆ ಬೇರೆ ಇರಬಹುದೆಂದು ಹೊಳೆಯಲೂ ಇಲ್ಲ.

320 ಮಿ.ಮೀ. ಅಂತರಕ್ಕೆ ರೀಪು ಹೊಡೆದೆ. ಎರಡನೆಯ ಮನೆಯ ಹಂಚು ಸಾಲಿಗೆ 3 ಮಿ.ಮೀ. ಮೇಲೆ ಜರುಗುತ್ತ ಹೋಗಿ, ಹತ್ತನೆಯ ಸಾಲಿನಲ್ಲಿ ಅದರ ಕೊಕ್ಕೆ ರೀಪಿನಿಂದ 27 ಮಿ.ಮೀ. ದೂರ ತೇಲುತ್ತಿತ್ತು. ಆಮೇಲೆ ಬುದ್ಧಿ ಬಂದು ಹನ್ನೊಂದು ಹಂಚು ಮಗುಚಿ ಜೋಡಿಸಿ, ಹತ್ತಿರಕ್ಕೆ ಒತ್ತಿ ಒಮ್ಮೆ, ದೂರಕ್ಕೆ ಎಳೆದು ಒಮ್ಮೆ ಅಳೆದೆ. ಹತ್ತು ಅಂತರಕ್ಕೆ ಮೊದಲ ಮನೆಯದು 3150ರಿಂದ 3205 ಮಿ.ಮೀ. ಎರಡನೆಯದು 3230ರಿಂದ 3280. ಒಬ್ಬರ ಗಡಿ ಇನ್ನೊಬ್ಬರಿಗೆ ತಾಗುವುದೇ ಇಲ್ಲ.

ಹಂಚು ಬದಲಾದರೆ ರೀಪೂ ಸರಿಯಬೇಕು ಎಂದುಕೊಂಡು 20 ಮಿ.ಮೀ. ಉದ್ದ ತೂತಿನ, L ಆಕಾರದ ಆಂಗಲ್ ತುಂಡುಗಳನ್ನು ಮಾಡಿಸಿದೆ. ನಡು ಅಳತೆಗೆ ನಡು ಅಳತೆ ಹೋಲಿಸಿದರೆ ಸಾಲಿಗೆ 8 ಮಿ.ಮೀ. ವ್ಯತ್ಯಾಸ, ಅದೂ ಕೂಡುತ್ತ ಹೋಗುವಂಥದ್ದು. ನಾಲ್ಕನೆಯ ಸಾಲಿಗೇ ತೂತು ಮುಗಿಯಿತು. ಮಗ್ಗಿ ಕಲಿತವನು ಮಾಡುವ ತಪ್ಪಲ್ಲ. ಆ ಆಂಗಲ್‌ಗಳಲ್ಲಿ ಈಗ ಬಟ್ಟೆ ಒಣಗುತ್ತಿದೆ.

ನಿನ್ನೆ ದಾರಿ ಸಿಕ್ಕಿತು. ಪಕ್ಕಾಸನ್ನು ಕೆಳಗಿನಿಂದ ತಬ್ಬುವ ಕಬ್ಬಿಣದ ಪಟ್ಟಿ, ಅದಕ್ಕೆ ಎರಡು ಕಿವಿ, ಕಿವಿಯಿಂದ ರೀಪಿನ ತಳಕ್ಕೆ ತಿರುಪು. ಸಡಿಲಿಸಿದರೆ ರೀಪು ಎಲ್ಲಿಗೆ ಬೇಕಾದರೂ ಸರಿಯುತ್ತದೆ, ಬಿಗಿದರೆ ಕದಲುವುದಿಲ್ಲ. ಪಕ್ಕಾಸಿಗೆ ಒಂದೂ ತೂತಿಲ್ಲ. ನಾಳೆ ಮಾಡು ಬಿಚ್ಚಿದರೂ ಅದು ಪೂರ್ತಿ ಮರವಾಗಿಯೇ ಉಳಿಯುತ್ತದೆ. ಮೊಳೆ ಕಿತ್ತು ಸೀಳಿದ ರೀಪುಗಳ ರಾಶಿ ನೋಡಿದಾಗಲೆಲ್ಲ ಇದು ಮೊದಲೇ ಏಕೆ ಹೊಳೆಯಲಿಲ್ಲ ಎನ್ನಿಸುತ್ತದೆ.

ಅಂದ ಹಾಗೆ, ಮುಂದಿನದು ಜಗಲಿ. ಈ ಸಲ ಹಳೆಯ ಕಿಟಕಿ ಮೊದಲು, ಗೋಡೆ ಆಮೇಲೆ. ಮುರಕಲ್ಲಿಗೆ (ಕರಾವಳಿಯ ಕೆಂಪು ಕಲ್ಲಿಗೆ) ಸುಣ್ಣದ ಗಾರೆ ಮಾತ್ರ. ಸಿಮೆಂಟು ಕಚ್ಚಿದ ಕಲ್ಲನ್ನು ಬಿಡಿಸಹೋದರೆ ಕಲ್ಲೇ ಒಡೆಯುತ್ತದೆ. ಆರು ಕಿಟಕಿ ಸಿಕ್ಕಿವೆ, ಆರಕ್ಕೆ ಆರೂ ಬೇರೆ ಬೇರೆ ಅಳತೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಸದ್ಯ ಮಾಡಿನ ತೆಂಕಣ ಇಳಿಜಾರು ಮೊದಲ ಮನೆಯ ಹಂಚಿಗೆ, ಬಡಗಣದ್ದು ಎರಡನೆಯ ಮನೆಯದಕ್ಕೆ. ಬೆಳಕಿಗೆಂದು ಹೊಸದಾಗಿ ತಂದ ಎರಡು ಗಾಜಿನ ಹಂಚುಗಳು ಎರಡೂ ಕಡೆ ಕೂರುತ್ತಿಲ್ಲ.