ಹೆಬ್ಬೆರಳಿಗೆ ಕಟ್ಟಿದ ಹಗ್ಗ

ನಮ್ಮ ಮನೆಯ ಹಾಲ್‌ನಲ್ಲಿ, ಫ್ಯಾನಿನಿಂದ ಮೂರಡಿ ಆಚೆ, ಸ್ಲ್ಯಾಬಿನಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. 2009ರಲ್ಲಿ ದಾವಣಗೆರೆಯ ನಿಟ್ಟುವಳ್ಳಿಯ ಈ ಮನೆಗೆ ಆರ್‌ಸಿಸಿ ಹಾಕುವಾಗ ಅಪ್ಪಾಜಿ ಸೆಂಟ್ರಿಂಗ್‌ನವರ ಪಕ್ಕದಲ್ಲೇ ನಿಂತು ಹಾಕಿಸಿದ್ದು. ಆಗ ನನ್ನ ಓದೇ ಮುಗಿದಿರಲಿಲ್ಲ, ಮದುವೆ ಮಾತು ಎಲ್ಲಿಂದ ಬರಬೇಕು. "ನಾಳೆ ತೊಟ್ಲು ಕಟ್ಟಾಕ ಬೇಕಾಗ್ತೈತಿ, ಆಮ್ಯಾಲೆ ಸ್ಲ್ಯಾಬ್ ಕೊರಿಯಾಕಾಗ್ತೈತೇನು?" ಅಂದಿದ್ದರಂತೆ. ಅಪ್ಪಾಜಿ ಹೋದರು, ಕೊಂಡಿ ಉಳಿಯಿತು.

ಬಾಣಂತನ ಮುಗಿಸಿಕೊಂಡು ಹೆಂಡತಿ ಹೊಳಲ್ಕೆರೆಯ ತವರಿನಿಂದ ಐದು ತಿಂಗಳ ಮಗಳನ್ನೆತ್ತಿಕೊಂಡು ಬಂದಿದ್ದು 2024ರ ಜನವರಿ ಕೊನೆಗೆ. ಬಂದ ದಿನವೇ ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಿ, ಒರೆಸಿ, ಸರಪಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕೊಂಡಿಗೆ ಸಿಕ್ಕಿಸಿದಳು. ಹಗ್ಗಕ್ಕೆ ಅಂತ ಅಪ್ಪಾಜಿಯ ಹಳೇ ಪಂಚೆ ಹರಿದು ಹೊಸೆದಳು. ಒಂದು ತುದಿ ತೊಟ್ಟಿಲಿಗೆ, ಇನ್ನೊಂದು ತುದಿ ದಿವಾನ್ ಮೇಲೆ ಮಲಗಿದ ಅವ್ವನ ಬಲಗಾಲ ಹೆಬ್ಬೆರಳಿಗೆ. ಅರೆನಿದ್ದೆಯಲ್ಲೇ ಕಾಲಾಡಿಸಿ ತೂಗುತ್ತಿದ್ದಳು. ಗೊರಕೆ ಒಂದು ಲಯದಲ್ಲಿ, ಕಾಲು ಇನ್ನೊಂದು ಲಯದಲ್ಲಿ. ನೋಡಿದವರು ನಗುತ್ತಿದ್ದರು, ನಾನೂ ನಕ್ಕಿದ್ದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಅವ್ವನ ಕಾಲು ನಿಂತ ಎರಡನೇ ನಿಮಿಷಕ್ಕೆ ಕೂಸು ಕಣ್ಣು ಬಿಡುತ್ತಿತ್ತು. ರಾತ್ರಿ ಗೂಡ್ಸ್ ಗಾಡಿ ಊರೊಳಗೆ ಹಾರ್ನ್ ಹೊಡೆದುಕೊಂಡು ಹೋದರೂ ಮಿಸುಕದ ಮಗು, ಸರಪಳಿಯ ಕಿರ್ ಕಿರ್ ನಿಂತರೆ ಸಾಕು, ಕಿರುಚಿ ಏಳುತ್ತಿತ್ತು. ಗಂಟೆಗೊಮ್ಮೆ ಇದೇ ಕಥೆ. ಅವ್ವನಿಗೆ ಮೊದಲೇ ಮಂಡಿನೋವು. ಹೆಂಡತಿ ಹರಿಹರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. 180 ದಿನದ ಹೆರಿಗೆ ರಜೆ ಫೆಬ್ರವರಿ ಕೊನೆಗೆ ಮುಗಿಯುತ್ತಿತ್ತು, ಮಾರ್ಚ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಆ ಹೊತ್ತಿಗೆ ಬಿಟ್ಟು ಮತ್ತೆ ರಜೆ ಕೇಳಲು ಅವಳಿಗೆ ಮನಸ್ಸಿಲ್ಲ. ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಕೂತರೆ ಕಂಡಕ್ಟರ್ ಎಬ್ಬಿಸಬೇಕಾಗುತ್ತಿತ್ತು.

ನಾನು ಪಿ.ಜೆ. ಬಡಾವಣೆಯಲ್ಲಿ ಸಣ್ಣದೊಂದು ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಈ ಧಂದೆಯಲ್ಲಿ ವಾರಕ್ಕೊಬ್ಬರಾದರೂ ಬಂದು, ಕೌಂಟರಿನ ಮೇಲೆ ಬಗ್ಗಿ, ದನಿ ತಗ್ಗಿಸಿ, "ಕೂಸು ಮಲಗಂಗ ಏನಾರ ಡ್ರಾಪ್ಸ್ ಕೊಡ್ರಿ" ಅನ್ನುತ್ತಾರೆ. ಅವರಿಗೆ ಬೇಕಾದ್ದು ನೆಗಡಿಯ ಸಿರಪ್. ಅದರಲ್ಲಿನ ಕ್ಲೋರ್‌ಫೆನಿರಮೈನ್ ತೂಕಡಿಕೆ ತರುತ್ತದೆ ಅಂತ ಯಾರೋ ಹೇಳಿರುತ್ತಾರೆ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಕೂಡಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೇ ಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿದ್ದರು. ನಿದ್ದೆ ಮಾಡಿಸಲು ಅಂತ ಎಳೆಗೂಸಿಗೆ ಯಾವ ಸಿರಪ್ಪೂ ಕೊಡುವಂತಿಲ್ಲ. ಇದನ್ನೆಲ್ಲ ಬೇರೆಯವರಿಗೆ ಹೇಳಿ ವಾಪಸ್ ಕಳಿಸುವವನು ನಾನು. ಆದರೂ ಫೆಬ್ರವರಿಯ ಒಂದು ರಾತ್ರಿ ಅಂಗಡಿ ಷಟರ್ ಎಳೆಯುವ ಮುಂಚೆ ಆ ಕಪಾಟಿನ ಮುಂದೆ ಒಂದು ನಿಮಿಷ ಸುಮ್ಮನೆ ನಿಂತಿದ್ದೆ. ಬಾಟಲಿ ಮುಟ್ಟಲಿಲ್ಲ. ನಿಂತಿದ್ದಂತೂ ಹೌದು. ಅವತ್ತಿಂದ ಆ ಗಿರಾಕಿಗಳಿಗೆ ಗದರುವುದು ಬಿಟ್ಟಿದ್ದೇನೆ.

ತೊಟ್ಟಿಲು ಬಿಡಲೇಬೇಕಾದ ಕಾರಣ ಬೇರೆಯೇ. ಒಂದು ಮಧ್ಯಾಹ್ನ ಅವ್ವ ಒಲೆ ಮೇಲಿನ ಹಾಲು ನೋಡಲು ಎದ್ದು ಹೋಗಿದ್ದಾಳೆ. ಅಷ್ಟರಲ್ಲಿ ಕೂಸು ಮಗ್ಗುಲಾಗಿ, ಬೋರಲಾಗಿ, ಎರಡೂ ಕೈಯಲ್ಲಿ ತೊಟ್ಟಿಲ ಅಂಚು ಹಿಡಿದು ಎದೆಮಟ್ಟ ಮೇಲೆ ಬಂದುಬಿಟ್ಟಿದೆ. ಊಟಕ್ಕೆ ಅಂತ ಬಂದವನು ಬಾಗಿಲಲ್ಲೇ ಚಪ್ಪಲಿ ಸಮೇತ ಓಡಿ ಹಿಡಿದೆ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ತೂಕ ನೋಡಿದರು, ಚೆನ್ನಾಗಿ ಏರಿತ್ತು. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ, ಅಂಗಾತ ಮಲಗಿಸಿ, ದಿಂಬು ಬೇಡ, ಸಡಿಲ ಹೊದಿಕೆ ಬೇಡ, ನಿಮ್ಮ ಕೋಣೆಯಲ್ಲೇ ಆದರೆ ಅದರದ್ದೇ ಹಾಸಿಗೆಯಲ್ಲಿ ಮಲಗಲಿ ಅಂದರು. ತಲೆ ದುಂಡಗಾಗಲಿ ಅಂತ ಅವ್ವ ಹೊಲಿದಿದ್ದ ಸಾಸಿವೆ ದಿಂಬು ಅಲ್ಲಿಗೆ ಹೋಯಿತು. ಲೋಬಾನದ ಹೊಗೆಯೂ ಹೋಯಿತು. ಗಂಟೆಗೊಮ್ಮೆ ಯಾಕೆ ಏಳುತ್ತಾಳೆ ಅಂತ ಕೇಳಿದ್ದಕ್ಕೆ ಅವರು ವಿವರಿಸಿದ್ದು ಇಷ್ಟು: ನಮ್ಮ ನಿದ್ದೆಯ ಒಂದು ಸುತ್ತು ಸುಮಾರು ತೊಂಬತ್ತು ನಿಮಿಷ, ಕೂಸಿನದು ಐವತ್ತು ನಿಮಿಷದ ಆಸುಪಾಸು. ಸುತ್ತು ಮುಗಿದಾಗ ಎಲ್ಲರೂ ಒಂದು ಕ್ಷಣ ಮೇಲಕ್ಕೆ ಬರುತ್ತೇವೆ, ನಿದ್ದೆಗೆ ಜಾರಿದಾಗ ಇದ್ದದ್ದು ಇದ್ದಂತೆಯೇ ಇದ್ದರೆ ಮತ್ತೆ ಮುಳುಗುತ್ತೇವೆ. ನನಗೆ ತಟ್ಟನೆ ಹೊಳೆದದ್ದು ಹೆಂಡತಿಯ ಬಸ್ಸು. ಓಡುವಾಗ ಎಲ್ಲರೂ ತೂಕಡಿಸುತ್ತಾರೆ, ಯಾವುದಾದರೂ ಸ್ಟಾಪಿನಲ್ಲಿ ಇಂಜಿನ್ ಆಫ್ ಆದರೆ ಎಲ್ಲರ ಕಣ್ಣೂ ಬಿಡುತ್ತವೆ. ಇಷ್ಟು ದಿನ ನಾವು ಮಗಳನ್ನು ಬಸ್ಸಿನಲ್ಲಿ ಮಲಗಿಸುತ್ತಿದ್ದೆವು, ಅವ್ವ ಡ್ರೈವರ್.

ಹಾಗಂತ ಒಂದೇ ಸಲಕ್ಕೆ ಕೋಣೆಗೆ ಹಾಕಿ, ಬಾಗಿಲೆಳೆದುಕೊಂಡು, ಅತ್ತು ಅತ್ತು ಮಲಗಲಿ ಅಂತ ಬಿಡುವುದು ನಮ್ಮಿಂದ ಆಗದ ಮಾತು. ಅದು ತಪ್ಪು ಅಂತಲ್ಲ. ಸ್ವಲ್ಪ ಸ್ವಲ್ಪ ಹೊತ್ತು ಅಳಲು ಬಿಟ್ಟು ಹೋಗಿ ನೋಡುವ ಕ್ರಮ, ಮಲಗಿಸುವ ಹೊತ್ತನ್ನೇ ಮುಂದೂಡುವ ಕ್ರಮ, ಇವೆರಡನ್ನೂ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು 43 ಮಕ್ಕಳಲ್ಲಿ ನೋಡಿ 2016ರಲ್ಲಿ ಪ್ರಕಟಿಸಿದ್ದಾರೆ. ಎರಡರಲ್ಲೂ ಮಕ್ಕಳು ಬೇಗ ನಿದ್ದೆಗೆ ಜಾರಿದರು. ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಅಳೆದು ನೋಡಿದರೂ ಕೆಡುಕೇನೂ ಕಾಣಲಿಲ್ಲ, ವರ್ಷದ ನಂತರ ತಾಯಿ ಮಗುವಿನ ಬಾಂಧವ್ಯದಲ್ಲೂ ವ್ಯತ್ಯಾಸ ಸಿಗಲಿಲ್ಲ. 43 ದೊಡ್ಡ ಸಂಖ್ಯೆಯೇನಲ್ಲ. ಆದರೆ ಅವ್ವ ಇರುವ ಮನೆಯಲ್ಲಿ ಕೂಸು ಒಂಟಿಯಾಗಿ ಅತ್ತರೆ ಏನಾಗುತ್ತದೆ ಅಂತ ತಿಳಿಯಲು ಯಾವ ಅಧ್ಯಯನವೂ ಬೇಕಿಲ್ಲ. ನಾವು ಎರಡನೆಯದನ್ನು, ಅಂದರೆ ಮಲಗಿಸುವ ಹೊತ್ತು ಮುಂದೂಡುವುದನ್ನು ಹಿಡಿದೆವು.

ಮೊದಲು ಲೆಕ್ಕ. ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂದೆ ನಾಲ್ಕು ದಿನ ಬರೆದೆ: ಎಷ್ಟೊತ್ತಿಗೆ ಕಣ್ಣುಜ್ಜಿತು, ಕಿವಿ ಎಳೆದುಕೊಂಡಿತು, ಮಲಗಿತು, ಎದ್ದಿತು. ಕೂಡಿಸಿದರೆ ದಿನಕ್ಕೆ ಹದಿಮೂರು ಗಂಟೆ. ನಾಲ್ಕರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಹಗಲಿನದೂ ಸೇರಿ 12ರಿಂದ 16 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಮಗಳಿಗೆ ನಿದ್ದೆ ಕಮ್ಮಿಯಾಗಿರಲಿಲ್ಲ, ಕಮ್ಮಿಯಾಗಿದ್ದು ಉಳಿದ ಮೂರು ಜನಕ್ಕೆ. ಇನ್ನೊಂದು ಸಂಗತಿಯೂ ಕಂಡಿತು. ಮೊಬೈಲಿನಲ್ಲಿ ಯಾರೋ ಹೇಳಿದ್ದಾರೆ ಅಂತ ನಾವು ಎಂಟಕ್ಕೇ ಮಲಗಿಸಲು ಕೂರುತ್ತಿದ್ದೆವು. ಮಗಳಿಗೆ ನಿಜವಾಗಿ ನಿದ್ದೆ ಹತ್ತುತ್ತಿದ್ದುದು ಒಂಬತ್ತೂವರೆಗೆ. ನಡುವಿನ ಒಂದೂವರೆ ಗಂಟೆ ದಿನಾ ಕುಸ್ತಿ.

ಶಿವರಾತ್ರಿ ಕಳೆದ ಮೇಲೆ ಶುರು ಮಾಡಿದೆವು. ಮಲಗಿಸುವ ಕೆಲಸ ನನ್ನದು ಅಂತ ಹೆಂಡತಿಯೇ ತೀರ್ಮಾನಿಸಿದಳು. ಹಾಲಿನ ವಾಸನೆ ಹತ್ತಿರವಿದ್ದರೆ ಕೂಸು ಹಾಲೇ ಕೇಳುತ್ತದೆ. ಅಂಗಡಿ ಮುಚ್ಚುವುದನ್ನು ಹುಡುಗನಿಗೆ ವಹಿಸಿ ಒಂಬತ್ತಕ್ಕೆ ಮನೆಗೆ ಬರತೊಡಗಿದೆ. ಬಿಸಿನೀರಲ್ಲಿ ಮೈ ಒರೆಸುವುದು, ಹಾಲ್‌ನಲ್ಲಿ ದೀಪದ ಬೆಳಕಲ್ಲೇ ಹಾಲು, ಹೆಗಲ ಮೇಲೆ ತೇಗು, ಆಮೇಲೆ ಕೋಣೆ, ಛತ್ರಿ ಸೊಳ್ಳೆಪರದೆ, ದೀಪ ಬಂದ್. ದಿನಾ ಇದೇ ಕ್ರಮ, ಮತ್ತು ಕಣ್ಣು ಎಳೆಯುತ್ತಿರಬೇಕು, ಮುಚ್ಚಿರಬಾರದು.

ಮೊದಲ ರಾತ್ರಿ. ಒಂಬತ್ತೂವರೆಗೆ ಹಾಸಿಗೆ ಮೇಲೆ ಇಟ್ಟೆ. ಬೆನ್ನು ಹಾಸಿಗೆಗೆ ತಾಗಿದ್ದೇ ತಡ, ಕಾಲು ಮಡಚಿ, ಮುಷ್ಟಿ ಬಿಗಿದು ಶುರುವಾಯಿತು. ಎದೆಯ ಮೇಲೆ ಅಂಗೈ ಇಟ್ಟೆ. ನನ್ನ ಅಂಗೈ ಅಗಲ ಅವಳ ಎದೆಗಿಂತ ದೊಡ್ಡದು, ಒಳಗಿನ ಡಬಡಬ ಬೆರಳಿಗೆ ಬಡಿಯುತ್ತಿತ್ತು. ಬಾಯಿಗೆ ಬಂದದ್ದು ಗುನುಗಿದೆ. ಜೋಗುಳ ಒಂದೂ ಪೂರ್ತಿ ಬರುವುದಿಲ್ಲ, ಮಾತ್ರೆಗಳ ಹೆಸರನ್ನೇ ರಾಗವಾಗಿ ಹೇಳಿದ್ದೂ ಉಂಟು. ತೀರಾ ಉಸಿರು ಕಟ್ಟಿ ಅತ್ತಾಗ ಎತ್ತಿಕೊಂಡೆ, ಬಿಕ್ಕು ಇಳಿದ ಮೇಲೆ ಮತ್ತೆ ಇಟ್ಟೆ. ಐದು ಸಲ ಹೀಗಾಯಿತು. ಬಾಗಿಲಾಚೆ ಅವ್ವನ ನೆರಳು.

"ಏನ್ಲೇ ಇದು, ಕೂಸು ಅಳಾಕತ್ತೈತಿ, ನೀನು ಕೈ ಇಟ್ಕಂಡು ಕುಂತೀಯಲ್ಲ? ತೊಟ್ಲಾಗ ಹಾಕಿ ಎರಡು ಜಗ್ಗಿದ್ರೆ ಮಲಗ್ತೈತಿ."

"ಅವ್ವಾ, ನಾನು ಇಲ್ಲೇ ಅದೀನಲ್ಲ. ಬಿಟ್ಟು ಹೋಗಿಲ್ಲ."

"ನೀ ಇದ್ರೆ ಏನು ಬಂತು ಭಾಗ್ಯ."

ನಲವತ್ತೇಳು ನಿಮಿಷ. ಮೊಬೈಲಿನ ಗಡಿಯಾರ ನೋಡಿದ್ದರಿಂದ ನೆನಪಿದೆ. ಹೊರಗೆ ಬಂದಾಗ ಬನಿಯನ್ ಒದ್ದೆ, ಹೆಂಡತಿ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಅಳುತ್ತಿದ್ದಳು, ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅವ್ವ ಯಾರಿಗೋ ಹೇಳುವಂತೆ ಬೈಯುತ್ತಿದ್ದಳು. "ಹಂಗಾದ್ರ ನನ್ನನ್ನ ಹೆಂಗ ಮಲಗಿಸ್ತಿದ್ದಿ?" ಅಂತ ಕೇಳಿದೆ. ಅವ್ವನ ಕೈ ಅಲ್ಲೇ ನಿಂತಿತು. ಆಗ ಅಪ್ಪಾಜಿಗೆ ಹತ್ತಿ ಗಿರಣಿಯಲ್ಲಿ ಪಾಳಿ ಕೆಲಸ, ಬಾಡಿಗೆಯ ಒಂದು ಕೋಣೆ, ತೊಟ್ಟಿಲು ಕಟ್ಟಲು ಕೊಂಡಿ ಇರಲಿ, ಗಟ್ಟಿ ತೊಲೆಯೂ ಇರಲಿಲ್ಲ. "ನಿನ್ನ ಯಾರು ತೂಗ್ಬೇಕಿತ್ತು? ಚಾಪಿ ಮ್ಯಾಲೆ ಹಾಕಿ ರೊಟ್ಟಿ ಬಡೀತಿದ್ದೆ. ಆ ಸಪ್ಪಳ ಕೇಳ್ಕೋತ ಹಂಗೇ ಮಲಕ್ಕಂತಿದ್ದಿ." ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ನಿಮ್ಮಪ್ಪ ಆ ಕೊಂಡಿ ಹಾಕಿಸಿದ್ದು" ಅಂದಳು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಆ ರಾತ್ರಿ ಕೂಸಿನ ಪಕ್ಕೆ ತಟ್ಟುವಾಗ ಕೈಗೆ ಬಂದದ್ದು ರೊಟ್ಟಿಯ ಲಯ. ತಪ್ ತಪ್, ಒಂದು ತಿರುವು, ಮತ್ತೆ ತಪ್ ತಪ್. ಬಾಗಿಲಾಚೆ ನಿಂತಿದ್ದ ಅವ್ವ ಅವತ್ತು ಏನೂ ಅನ್ನಲಿಲ್ಲ.

ಮೂರನೇ ರಾತ್ರಿ ಇಪ್ಪತ್ತೆರಡು ನಿಮಿಷ. ನಾಲ್ಕನೆಯದು ಮತ್ತೆ ನಲವತ್ತು, ಯಾಕೆ ಅಂತ ಗೊತ್ತಿಲ್ಲ. ಐದರಿಂದ ಇಳಿಯಿತು. ಎರಡು ಮೂರು ರಾತ್ರಿಗೊಮ್ಮೆ ಒಂದೊಂದನ್ನೇ ಕಳೆಯುತ್ತಾ ಬಂದೆ: ತಟ್ಟುವುದು ನಿಧಾನ, ಆಮೇಲೆ ತಟ್ಟದೆ ಬರೀ ಕೈ, ಆಮೇಲೆ ಕೈ ತೆಗೆದು ಪಕ್ಕದಲ್ಲಿ ಕೂರುವುದು. ಮಲಗುವ ಹೊತ್ತನ್ನೂ ಹೀಗೆಯೇ ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತಂದೆವು. ರಾತ್ರಿ ಒಂದರ ಸುಮಾರಿಗೆ ಹಾಲಿಗೆ ಏಳುವುದನ್ನು ಬಿಡಿಸಲು ಹೋಗಲಿಲ್ಲ. ಆರು ತಿಂಗಳ ಕೂಸಿಗೆ ಹಸಿವಾಗುವುದು ಸಹಜ. ಬೇರೆ ಹೊತ್ತಲ್ಲಿ ಮುಲುಗಿದರೆ ಓಡಿ ಎತ್ತದೆ ಒಂದೆರಡು ನಿಮಿಷ ಕಾದೆವು. ಅರ್ಧಕ್ಕರ್ಧ ಸಲ ಅದು ಎಚ್ಚರವೇ ಆಗಿರುತ್ತಿರಲಿಲ್ಲ, ನಿದ್ದೆಯಲ್ಲೇ ಗೊಣಗುತ್ತಿತ್ತು. ಇಷ್ಟು ತಿಂಗಳು ಎಷ್ಟು ಸಲ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದ್ದೆವೋ.

ಹನ್ನೊಂದನೇ ದಿನಕ್ಕೆ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಸಿಹಿ, ಮರುದಿನ ಖಾರ, ಮನೆಯಲ್ಲಿ ಇಪ್ಪತ್ತಾರು ಜನ ಬೀಗರು. ಕೋಣೆಯಲ್ಲಿ ಟ್ರಂಕು, ಹಾಸಿಗೆ ಮೇಲೆ ಬೇರೆಯವರ ಮಕ್ಕಳು. ಬಂದ ಅತ್ತೆಯರೆಲ್ಲ ಕೂಸನ್ನು ಸರದಿಯಲ್ಲಿ ತೂಗಿದರು, ಕಾಲ ಮೇಲೆ ಹಾಕಿಕೊಂಡು ಆಡಿಸಿದರು. ತೊಟ್ಟಿಲಿಗೆ ಯಾರೋ ಮತ್ತೆ ಹಗ್ಗ ಕಟ್ಟಿದರು. ಮಗಳು ರಾತ್ರಿ ಹನ್ನೆರಡಕ್ಕೂ ಕಣ್ಣರಳಿಸಿ ನಗುತ್ತಿದ್ದಳು. "ಎಲ್ಲಾ ನೀರಾಗ ಹೋಮ" ಅಂದೆ. "ಜಾತ್ರ್ಯಾಗ ಯಾರು ಮಲಗ್ತಾರ್ರೀ, ಸುಮ್ನಿರ್ರಿ" ಅಂದಳು ಹೆಂಡತಿ. ಅವಳು ಹೇಳಿದ್ದೇ ಸರಿ. ಬೀಗರು ಹೊರಟು, ಮನೆ ತೊಳೆದು, ಮತ್ತೆ ಕೂತರೆ ಮೂರೇ ರಾತ್ರಿಗೆ ದಾರಿಗೆ ಬಂತು.

ಏಪ್ರಿಲ್ ಮೊದಲ ವಾರ, ಸೆಕೆ. ಎಂಟೂಮುಕ್ಕಾಲಿಗೆ ಮಗಳನ್ನು ಮಲಗಿಸಿ ಕೋಣೆಯ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಪರದೆಯೊಳಗೆ ಅವಳು ತನ್ನ ಕಾಲ್ಬೆರಳು ಹಿಡಿದು ನೋಡಿದಳು, ಬಿಟ್ಟಳು, ಆ ಊ ಅಂತ ಏನೋ ಹೇಳಿಕೊಂಡಳು. ಎಡಕ್ಕೆ ಮಗ್ಗುಲಾದಳು. ಒಂಬತ್ತಾದರೂ ಮಾತಿಲ್ಲ. ಎದ್ದು ಹೋಗಿ ಬಗ್ಗಿ ನೋಡಿದರೆ ಹೊಟ್ಟೆ ಸಮನಾಗಿ ಏರಿ ಇಳಿಯುತ್ತಿತ್ತು. ಯಾರೂ ತಟ್ಟಿರಲಿಲ್ಲ, ತೂಗಿರಲಿಲ್ಲ.

ಖುಷಿಗೆ ಹೆಂಡತಿಯನ್ನು ಎಬ್ಬಿಸಲು ಹೋದೆ, ಅವಳು ಸೀರೆಯನ್ನೂ ಬದಲಿಸದೆ ಸತ್ತ ಹಾಗೆ ಮಲಗಿದ್ದಳು. ಹಾಲ್‌ನಲ್ಲಿ ಅವ್ವ ದಿವಾನ್ ಮೇಲೆ ಕತ್ತಲಲ್ಲಿ ಕೂತಿದ್ದಳು.

"ಯಾಕವ್ವಾ, ನಿದ್ದಿ ಬರ್ಲಿಲ್ಲೇನು?"

"ಕೂಸು ಮಲಕ್ಕಂಡ್ಲಾ?"

"ತಾನೇ ಮಲಕ್ಕಂಡ್ಲು."

"ನಂಗೇ ಬರವಲ್ದು ನೋಡು. ಕಾಲಿಗೆ ಹಗ್ಗ ಇಲ್ದಿದ್ರೆ ಏನೋ ಬಿಟ್ಟಂಗ ಆಗ್ತೈತಿ" ಅಂದು ಅಡಿಕೆ ಡಬ್ಬಿ ಹುಡುಕತೊಡಗಿದಳು. ನಾನು ಲೈಟ್ ಹಾಕಿ ಡಬ್ಬಿ ಎತ್ತಿ ಕೊಟ್ಟೆ.