ಟಿಕ್ ಬಿದ್ದ ಚೀಟಿ

ಈ ವಾರ, ಪಾಠ ಎಷ್ಟು ತಿಳಿದಿದೆ ಎಂದು ನೋಡಲು ಮಕ್ಕಳಿಂದ ಬರೆಸಿದ ಗಣಿತದ ಚೀಟಿಗಳ ಕಟ್ಟಿನಲ್ಲಿ ಕಂಡ ಒಂದು ಸಾಲು ಇನ್ನೂ ತಲೆಯಿಂದ ಇಳಿದಿಲ್ಲ. ಪ್ರಶ್ನೆ: 1/4 ಮತ್ತು 3/8, ಇವುಗಳಲ್ಲಿ ಯಾವುದು ದೊಡ್ಡದು? ಉತ್ತರ: 3/8. ಪಕ್ಕದಲ್ಲಿ ಕೆಂಪು ಟಿಕ್. ಅದರ ಕೆಳಗೆ, ಯಾರೂ ಕೇಳದಿದ್ದರೂ, ಪೆನ್ಸಿಲಿನಲ್ಲಿ: "ಯಾಕಂದ್ರೆ 3 ಮತ್ತು 8 ದೊಡ್ಡ ಸಂಖ್ಯೆಗಳು."

"ಉತ್ತರ ಸರಿಯಿದೆಯಲ್ಲ ಸರ್, ಟಿಕ್ ಹಾಕದೆ ಇನ್ನೇನು ಮಾಡಲಿ?" ಎಂದರು ಟೀಚರ್.

ಚೀಟಿಗಳನ್ನೆಲ್ಲ ಅದೇ ಸಂಜೆ ನೋಡಿ ಮುಗಿಸುವ ಶ್ರದ್ಧೆಯವರು ಅವರು. ತಪ್ಪು ಅವರ ಟಿಕ್‌ನದ್ದಲ್ಲ, ಪ್ರಶ್ನೆಯದ್ದು. ಅಂದಿನ ಕಲಿಕಾ ಉದ್ದೇಶ ಬೋರ್ಡಿನ ಮೇಲೇ ಇತ್ತು: ಛೇದ ಬೇರೆಯಿರುವ ಭಿನ್ನರಾಶಿಗಳನ್ನು ಹೋಲಿಸಿ ಕಾರಣ ಹೇಳುವುದು. ಅದರಲ್ಲಿ ಎರಡು ಕ್ರಿಯಾಪದಗಳಿವೆ, ಹೋಲಿಸು ಮತ್ತು ಹೇಳು. ಪ್ರಶ್ನೆ ಮೊದಲನೆಯದನ್ನಷ್ಟೇ ಕೇಳಿತು. ಅದೂ ಎರಡರಲ್ಲಿ ಒಂದು ಆರಿಸುವಂತೆ, ಊಹೆಯಿಂದಲೇ ಅರ್ಧಪಾಲು ಸರಿಯಾಗುವಂತೆ.

"ಉತ್ತರ ಸರಿಯಿದೆಯಲ್ಲ." ಆ ಜೋಡಿಯನ್ನೇ ನೋಡಿ. ಸಂಖ್ಯೆ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಎಂದುಕೊಂಡ ಮಗುವಿಗೂ 3/8 ಎಂದೇ ಬರುತ್ತದೆ, ತಿಳಿದ ಮಗುವಿಗೂ ಅದೇ. ಪಕ್ಕದಲ್ಲಿ 2/3 ಮತ್ತು 5/9 ಇಟ್ಟಿದ್ದರೆ ಮೊದಲನೆಯ ಮಗು 5/9 ಎಂದು ಬರೆದು ಸಿಕ್ಕಿಬೀಳುತ್ತಿತ್ತು. ಛೇದ ಚಿಕ್ಕದಾದಷ್ಟೂ ಬೆಲೆ ಹೆಚ್ಚು ಎಂದು ನಂಬಿದ ಮಗು ಇದನ್ನು ದಾಟಿದರೂ 1/4 ಮತ್ತು 3/8ರಲ್ಲಿ ಎಡವುತ್ತದೆ. ಅಂಶಕ್ಕೂ ಛೇದಕ್ಕೂ ಇರುವ ಅಂತರವನ್ನು ಎಣಿಸುವವರೂ ಇದ್ದಾರೆ. ಅವರಿಗೆ 3/4 ಮತ್ತು 5/6 ಕೊಡಿ, "ಎರಡೂ ಸಮ" ಅನ್ನುತ್ತಾರೆ. ಮೂರೂ ಜೋಡಿ, ಪ್ರತಿಯೊಂದರ ಕೆಳಗೆ "ಯಾಕೆ?" ಎಂದು ಎರಡು ಖಾಲಿ ಗೆರೆ. ಇಷ್ಟಾದರೆ ಚೀಟಿ ಮಾತಾಡುತ್ತದೆ.

ಹಾಗಾಗಿ ಪ್ರಶ್ನೆ ಬರೆಯುವ ಮೊದಲೇ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಳ್ಳಬೇಕು: ಯಾವ ತಪ್ಪು ತಿಳಿವಳಿಕೆ ಯಾವ ಉತ್ತರ ಕೊಡುತ್ತದೆ ಎಂದು. ತಪ್ಪು ದಾರಿಯೂ ಸರಿ ಉತ್ತರಕ್ಕೇ ಮುಟ್ಟಿಸುವ ಪ್ರಶ್ನೆಯನ್ನು ಒಂಟಿಯಾಗಿ ಬಿಡಬಾರದು. ಬೋರ್ಡಿನ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನೇ ಕೇಳಿದರೆ ಸಿಗುವುದು ನೆನಪಿನ ಅಳತೆ. ಉದ್ದುದ್ದ ವಾಕ್ಯದಲ್ಲಿ ಕೇಳಿದರೆ ಓದಿನ ಅಳತೆ. ಒಂದು ಚೀಟಿಗೆ ಒಂದೇ ಉದ್ದೇಶ ಸಾಕು.

ಅಂಕ ಮಾತ್ರ ಬೇಡ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಹೋದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕದ ಬದಲು ಚೀಟಿಗಳನ್ನು ಮೂರು ಗುಂಪು ಮಾಡಿ: ಉತ್ತರ, ಕಾರಣ ಎರಡೂ ಸರಿ; ಉತ್ತರ ಸರಿ, ಕಾರಣ ತಪ್ಪು; ಎರಡೂ ತಪ್ಪು. ನಡುವಿನ ಗುಂಪು ಎಲ್ಲಕ್ಕಿಂತ ಅಪಾಯದ್ದು, ಟಿಕ್‌ಗಳ ಸಾಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮರುದಿನದ ಮೊದಲ ಹದಿನೈದು ನಿಮಿಷ ಆ ಗುಂಪಿಗೆ ಮೀಸಲಿಡದಿದ್ದರೆ ಚೀಟಿ ಬರೆಸಿದ್ದೇ ದಂಡ. ಕಲಿಸುತ್ತಲೇ ಕಲಿಕೆಯನ್ನು ಅಳೆದು ಪಾಠ ತಿದ್ದಿಕೊಳ್ಳುವ ಇಂಥ ಕೆಲಸಕ್ಕೆ ರೂಪಣಾತ್ಮಕ ಮೌಲ್ಯಮಾಪನ ಎಂಬ ಹೆಸರು ನಿಲ್ಲುವುದು ಮರುದಿನದ ಪಾಠ ಬದಲಾದಾಗ.

ಆ ಪೆನ್ಸಿಲ್ ಸಾಲು ಮತ್ತೆ ಮತ್ತೆ ಕಣ್ಮುಂದೆ ಬರುತ್ತದೆ. ಮಗು ತನ್ನ ಯೋಚನೆಯನ್ನು ತಾನಾಗಿಯೇ ತಂದು ಮುಂದಿಟ್ಟಿತ್ತು, ಕೆಂಪು ಟಿಕ್ ಅದಕ್ಕೆ ಹೌದು ಅಂದುಬಿಟ್ಟಿತು. ತಿದ್ದದೆ ಬಿಟ್ಟರೆ ಅದೇ ಯೋಚನೆ ನಾಳೆ ದಶಮಾಂಶಕ್ಕೂ ಬರುತ್ತದೆ: 35 ದೊಡ್ಡದು, ಆದ್ದರಿಂದ 0.4ಕ್ಕಿಂತ 0.35 ದೊಡ್ಡದು.

ಮರುದಿನ ಟೀಚರ್ ಹೊಸ ಚೀಟಿ ಕೊಟ್ಟರು. ಮಗು 5/9 ಎಂದೇ ಬರೆಯಿತು, ಕಾರಣವೂ ಹಳೆಯದೇ. ಆಗ 18 ಸೆಂ.ಮೀ. ಉದ್ದದ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರು ಭಾಗ, ಇನ್ನೊಂದನ್ನು ಒಂಬತ್ತು ಭಾಗ ಮಾಡಿಸಿದರು. ಎರಡು ಭಾಗಕ್ಕೆ ಬಣ್ಣ ತುಂಬಿದರೆ 12 ಸೆಂ.ಮೀ., ಐದು ಭಾಗಕ್ಕೆ 10. ಮಗು ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ಬಹಳ ಹೊತ್ತು ನೋಡಿತು.

"ಹಾಗಾದ್ರೆ ನಿನ್ನೇದೂ ತಪ್ಪಾ ಮಿಸ್?"

ಟೀಚರ್ 16 ಸೆಂ.ಮೀ.ನ ಇನ್ನೆರಡು ಪಟ್ಟಿ ಕತ್ತರಿಸಿ ಅದರ ಕೈಗಿಟ್ಟರು.